ಬೆಳಕು ಬರೆದಿಟ್ಟ ದೇಗುಲಗಳು

ನೆಟ್ಟಣದ ಮಳೆಗೆ ಯಾವ ಪಟವೂ ಬಹುಕಾಲ ಬಾಳುವದಿಲ್ಲ. ಗೋಡೆಗೆ ತೂಗಹಾಕಿದ ಅಜ್ಜ ಅಜ್ಜಿಯರ ಭಾವಚಿತ್ರಗಳಿಗೆ ಆಟಿಯ ತಿಂಗಳಲ್ಲಿ ಬೂಷ್ಟು ಹಿಡಿದು ಮುಖಗಳೇ ಅಳಿದುಹೋಗುವವು. ಇಂಥ ಸೀಮೆಯವರಾದ ನಮಗೆ, ಸುಮಾರು 170 ವರುಷಗಳ ಹಿಂದೆ ಕಾಗದದ ಮೇಲೆ ಮೂಡಿದ ದೇವಾಲಯಗಳು ಇಂದಿಗೂ ಉಳಿದಿರುವವೆಂಬದು ಆಶ್ಚರ್ಯವೇ ಸರಿ.

1854ನೆಯ ದಶಂಬರದಲ್ಲಿ ಲಿನಿಯಸ್ ಟ್ರೈಪ್ ಎಂಬ ಸೇನಾಧಿಕಾರಿಯು ಬೇಲೂರು ಹಳೇಬೀಡುಗಳ ಗುಡಿಗಳ ಛಾಯಾಚಿತ್ರಗಳನ್ನು ತೆಗೆದು, ಮರುವರುಷ ಮದ್ರಾಸಿನ ವಸ್ತುಪ್ರದರ್ಶನದಲ್ಲಿ ಇರಿಸಿದನು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬವನು ಹಂಪೆಯ ಚಿತ್ರಗಳನ್ನು ತೆಗೆದನು. ಧಾರವಾಡ, ಮೈಸೂರು ಸೀಮೆಗಳ ಶಿಲ್ಪವನ್ನು ಕುರಿತು ಪಿಗೊ, ನೀಲ್, ಬಿಗ್ಸ್ ಎಂಬವರ ಚಿತ್ರಗಳುಳ್ಳ ಗ್ರಂಥವು 1866ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಟ್ರೈಪ್, ಗ್ರೀನ್‌ಲಾ ಇವರು ಬಳಸಿದ್ದು ಬೆಳ್ಳಿಯ ಲವಣಗಳನ್ನು ಹಚ್ಚಿದ ಕಾಗದ. ಅದರ ಮೇಲೆ ಬಿಂಬ ಮೂಡಲು ಕೆಲವು ನಿಮಿಷಗಳೇ ಬೇಕಾಗುತ್ತಿದ್ದವು. ಆದಕಾರಣ ನಡೆದಾಡುವ ಮನುಷ್ಯರು ಮಾಯವಾಗಿ, ಅಲುಗದ ಕಲ್ಲು ಮಾತ್ರ ಉಳಿಯುತ್ತಿತ್ತು.

ಸುಬ್ರಹ್ಮಣ್ಯ ರೋಡ್ ನಿಲ್ದಾಣವು ನಮ್ಮ ನೆಟ್ಟಣದಲ್ಲಿಯೇ ಇದೆ. ಅಲ್ಲಿಂದ ರೈಲಿನಲ್ಲಿ ಘಟ್ಟವನ್ನೇರಿ ನಾವು ಒಮ್ಮೆ ಹಳೇಬೀಡಿಗೆ ಹೋದೆವು. ಅಲ್ಲಿಯ ಕೇದಾರೇಶ್ವರ ಗುಡಿಗೆ ಈಗ ಶಿಖರವಿಲ್ಲ. ಹಳೆಯ ಛಾಯಾಚಿತ್ರದಲ್ಲಾದರೋ ಶಿಖರವೂ ಇದೆ, ಅದರಲ್ಲಿ ಬೇರೂರಿದ ಮರವೂ ಇದೆ. ಆ ಮರವೇ ಶಿಖರಕ್ಕೆ ಮೃತ್ಯುವಾಯಿತು. ಹಂಪೆಯ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಗೋಪುರವಿತ್ತೆಂಬದಕ್ಕೂ ಗ್ರೀನ್‌ಲಾನ ಚಿತ್ರವೇ ಸಾಕ್ಷಿ.

ಇದನ್ನು ನೆನೆದಾಗ ನಮ್ಮ ಮನಸ್ಸು ಊರಿನ ಕಡೆಗೆ ತಿರುಗುವದು. ನಮ್ಮ ನೆರೆಯ ಒಂದು ಸಣ್ಣ ಗುಡಿಯು ಮುರಕಲ್ಲಿನ ಗೋಡೆ, ಹಲಸಿನ ಮರದ ಕೆತ್ತನೆಯ ದಾರಂದ, ಹೆಂಚಿನ ಮಾಡುಗಳಿಂದ ಕೂಡಿತ್ತು. ಜೀರ್ಣೋದ್ಧಾರವಾಗಿ ಈಗ ಕರಿಗಲ್ಲಿನ ಗುಡಿ ಎದ್ದಿದೆ. ಹಳೆಯದರ ಒಂದು ಚಿತ್ರವಾದರೂ ಯಾರಲ್ಲಿಯೂ ಇಲ್ಲ. ಆ ದಾರಂದದಲ್ಲಿ ಬಳ್ಳಿಯಿತ್ತೋ ಹಂಸವಿತ್ತೋ ಎಂದು ಹಿರಿಯರು ಇಂದಿಗೂ ವಾದಿಸುವರು. ಬೇಲೂರಿನ ಗುಡಿಗೆ ದೂರದೇಶದವನೊಬ್ಬನು ದೊರೆತನು. ನಮ್ಮ ಚಿಕ್ಕ ಗುಡಿಗೆ ನಾವೇ ದೊರೆಯಲಿಲ್ಲ.

ಪ್ರಿಯ ಸೋದರಿಯರೇ, ಇಂದು ಛಾಯಾಯಂತ್ರವು ನಮ್ಮ ಕೈಯ ಫೋನಿನಲ್ಲಿಯೇ ಇದೆ. ಹಳೆಯ ಗುಡಿಯಾಗಲಿ, ಮನೆಯಾಗಲಿ, ಶಾಲೆಯಾಗಲಿ, ಕೆಡಹುವ ಮೊದಲು ಅದರ ಕಂಬ, ತೊಲೆ, ಬಾಗಿಲುಗಳನ್ನು ಒಂದೊಂದಾಗಿ ಚಿತ್ರಿಸಿಡಿರಿ. ಊರಿನ ಹೆಸರನ್ನೂ ತಾರೀಕನ್ನೂ ಬರೆಯಿರಿ. ಒಂದು ಪ್ರತಿಯನ್ನು ಮಳೆ ಗೆದ್ದಲುಗಳಿಗೆ ಸಿಕ್ಕದಂತೆ ಬೇರೆಡೆ ಇರಿಸಿರಿ.