ಗ್ಲೆನ್ ಪಾರ್ಕಿನ ಸೋಮವಾರ ಸಂಜೆ

ಸ್ಯಾನ್ ಫ್ರಾನ್ಸಿಸ್ಕೋ,
ಮಂಗಳವಾರ ಬೆಳಿಗ್ಗೆ

ಪ್ರೀತಿಯ ಗೆಳೆಯಾ,

ನಿನ್ನ ಪತ್ರ ಮಗಳ ಮನೆಗೆ ಬಂದು ಮುಟ್ಟಿತು. ನೀನು ನಡೆಸುವ ಕವಿಗೋಷ್ಠಿಯಲ್ಲಿ ಈ ಸಲವೂ ತಮ್ಮ ಸರದಿ ಮುಗಿದವರೆಲ್ಲ ಒಬ್ಬೊಬ್ಬರಾಗಿ ಎದ್ದು ಹೋದರು, ಕೊನೆಗೆ ಓದಿದ ಹುಡುಗಿಯ ಎದುರು ಖಾಲಿ ಕುರ್ಚಿಗಳಷ್ಟೇ ಇದ್ದವು ಎಂದು ಬರೆದಿದ್ದೀ. ಆ ಮಾತು ಮನಸ್ಸಿನಲ್ಲೇ ಉಳಿದಿತ್ತು. ನಿನ್ನೆ ರಾತ್ರಿ ಇಲ್ಲೊಂದು ಪುಸ್ತಕದಂಗಡಿಯಲ್ಲಿ ಕವಿತೆ ಕೇಳಿಕೊಂಡು ಬಂದೆ. ಕೂತಷ್ಟು ಹೊತ್ತೂ ನಿನ್ನದೇ ಯೋಚನೆ. ಹಾಗಾಗಿ ವಿವರವಾಗಿಯೇ ಬರೆಯುತ್ತೇನೆ, ಓದು.

ಅಂಗಡಿಯ ಹೆಸರು ‘ಬರ್ಡ್ ಅಂಡ್ ಬೆಕೆಟ್’. ಬರ್ಡ್ ಅಂದರೆ ಸ್ಯಾಕ್ಸೋಫೋನ್ ನುಡಿಸುತ್ತಿದ್ದ ಚಾರ್ಲಿ ಪಾರ್ಕರ್. ಜಾಝ್ ಮಂದಿ ಅವನನ್ನು ಕರೆಯುತ್ತಿದ್ದದ್ದೇ ಹಾಗೆ. ನಾಟಕಕಾರ ಬೆಕೆಟ್ ನಮ್ಮ ರಂಗಭೂಮಿಯವರಿಗೆಲ್ಲ ಪರಿಚಿತನೇ. 1999ರಲ್ಲಿ ಶುರುವಾದ ಅಂಗಡಿ. ಗ್ಲೆನ್ ಪಾರ್ಕ್ ಸ್ಟೇಷನ್ನಿನಲ್ಲಿ ಬಾರ್ಟ್ ರೈಲಿಳಿದು ನಾಲ್ಕು ಹೆಜ್ಜೆ ನಡೆದರೆ ಚೆನರಿ ಬೀದಿ. ಪುಸ್ತಕದ ಜೊತೆ ಹಳೆಯ ಗ್ರಾಮಫೋನ್ ರೆಕಾರ್ಡುಗಳನ್ನೂ ಮಾರುತ್ತಾರೆ, ವಾರದ ಕೊನೆಗೆ ಜಾಝ್ ಕಛೇರಿ ನಡೆಸುತ್ತಾರೆ. ಕವಿತೆಗೆ ಸೋಮವಾರ. ವ್ಯಾಪಾರ ತಣ್ಣಗಿರುವ ದಿನವನ್ನು ಕವಿತೆಗೆ ಕೊಟ್ಟದ್ದು ಜಾಣತನ ಅನ್ನಿಸಿತು. ಯಾರಿಗೂ ಬೇರೆ ಕಡೆ ಹೋಗುವ ಅವಸರವಿರುವುದಿಲ್ಲ.

ಆಹ್ವಾನಿತ ಕವಿಗಳು ಮೊದಲು ಓದಿದರು. ಆಮೇಲೆ ಓಪನ್ ಮೈಕ್: ಹಾಳೆಯ ಮೇಲೆ ಹೆಸರು ಬರೆದವರಿಗೆಲ್ಲ ಒಂದೊಂದು ಸರದಿ. ಅಧ್ಯಕ್ಷರಿಲ್ಲ, ಆಶಯ ನುಡಿಯಿಲ್ಲ, ಹಾರ ತುರಾಯಿಯಿಲ್ಲ. ನಿರೂಪಕ ಹೆಸರು ಕೂಗುತ್ತಾನೆ, ಅಷ್ಟೇ. ‘ಇವರು ಇಷ್ಟು ಸಂಕಲನ ತಂದವರು, ಇಂಥಾ ಪ್ರಶಸ್ತಿ ಪಡೆದವರು’ ಎಂಬ ಪರಿಚಯವಿಲ್ಲದ್ದರಿಂದ ಕೇಳುವವರಿಗೆ ಕವಿತೆಯೊಂದೇ ದಾರಿ.

ಇಪ್ಪತ್ತರ ಆಸುಪಾಸಿನ ಹುಡುಗಿಯೊಬ್ಬಳು ಫೋನು ಹಿಡಿದು ಬಂದಳು. ಅಪ್ಪನ ಕಿವಿಯ ಯಂತ್ರದ ಮೇಲೆ ಕವಿತೆ. ಬ್ಯಾಟರಿ ತೀರಿದಾಗಲೆಲ್ಲ ಅಪ್ಪ ನಗುತ್ತಾ ತಲೆಯಾಡಿಸುತ್ತಾನಂತೆ, ಮಗಳು ಹೇಳಿದ ಅತಿ ಮುಖ್ಯವಾದ ಮಾತುಗಳಿಗೂ. ನಡುವೆ ಪರದೆ ಆರಿಹೋಯಿತು. ಹೆಬ್ಬೆರಳಿನಿಂದ ಒತ್ತಿ, ಬಿಟ್ಟಲ್ಲಿಂದಲ್ಲ, ಆ ನುಡಿಯನ್ನು ಮೊದಲಿನಿಂದ ಮತ್ತೆ ಓದಿದಳು. ಎರಡನೇ ಸಲ ದನಿ ನಡುಗಲಿಲ್ಲ. ಆಕೆಯ ನಂತರ ಬಂದ ವೃದ್ಧರು ಕಾಗದವಿಲ್ಲದೆ ಹೇಳತೊಡಗಿ ಅರ್ಧದಲ್ಲಿ ಮರೆತರು. ಯಾರೂ ಕೆಮ್ಮಲಿಲ್ಲ, ಸಮಾಧಾನದ ಚಪ್ಪಾಳೆ ಹೊಡೆಯಲಿಲ್ಲ. ಕಾದರು. ಸಾಲು ಅವರಿಗೆ ತಾನಾಗಿ ನೆನಪಾಯಿತು. ಇನ್ನೊಬ್ಬಾಕೆ ಸ್ಪ್ಯಾನಿಷ್‌ನಲ್ಲಿ ಓದಿದಳು. ಒಂದಕ್ಷರ ತಿಳಿಯದಿದ್ದರೂ ಆ ಲಯಕ್ಕೆ ನನ್ನ ಕಾಲು ತಾಳ ಹಾಕುತ್ತಿತ್ತು. ಉಳಿದವರ ಕವಿತೆಗಳಲ್ಲಿ ಕೆಲವು ಜಾಳಾಗಿದ್ದವು. ಅವಕ್ಕೂ ಅಷ್ಟೇ ಗಮನ ಸಿಕ್ಕಿತು.

ನೀನು ಗಮನಿಸಬೇಕಾದ್ದು ಇದು: ಮೊದಲು ಓದಿದ ಆಹ್ವಾನಿತ ಕವಿಗಳು ಕೊನೆಯ ಹೆಸರು ಕೂಗುವವರೆಗೂ ಮುಂದಿನ ಸಾಲಿನಲ್ಲೇ ಇದ್ದರು. ಮೊಣಕಾಲ ಮೇಲೆ ಮೊಣಕೈ ಊರಿ, ಮುಂದಕ್ಕೆ ಬಾಗಿ ಕೇಳುತ್ತಿದ್ದರು. ದೊಡ್ಡವರೇ ಹಾಗೆ ಕೂತರೆ ಮಿಕ್ಕವರು ಏಳುವುದು ಹೇಗೆ? ನಿನ್ನ ಗೋಷ್ಠಿಯಿಂದ ಮೊದಲು ಎದ್ದು ಹೋದವರು ಯಾರು ಎಂದು ನೆನಪಿಸಿಕೋ. ಹೆಸರು ಬರೆಯುವುದು ಬೇಡ.

ಈ ಊರಿಗೆ ಕವಿತೆಯನ್ನು ಕಿವಿಯಿಂದ ಕೇಳುವ ಹಳೆಯ ಅಭ್ಯಾಸವಿದೆ. 1955ರ ಅಕ್ಟೋಬರ್ 7ರಂದು ಸಿಕ್ಸ್ ಗ್ಯಾಲರಿಯಲ್ಲಿ ಕವಿ ಗಿನ್ಸ್‌ಬರ್ಗ್ ತನ್ನ ‘ಹೌಲ್’ ಕವಿತೆ ಓದಿದ. ಆ ಜಾಗ ಮೊದಲು ಮೋಟಾರು ರಿಪೇರಿ ಗ್ಯಾರೇಜಾಗಿತ್ತು. ಸಿಟಿ ಲೈಟ್ಸ್ ಪುಸ್ತಕದಂಗಡಿಯ ಫರ್ಲಿಂಗೆಟಿ ಆ ಕವಿತೆಯನ್ನು ಮರುವರ್ಷ ಅಚ್ಚು ಹಾಕಿ, 1957ರಲ್ಲಿ ಅಶ್ಲೀಲತೆಯ ಮೊಕದ್ದಮೆ ಎದುರಿಸಿ ಗೆದ್ದ. ಈ ಕಥೆ ಎಲ್ಲರಿಗೂ ಗೊತ್ತು. ನನ್ನನ್ನು ಕಲಕಿದ್ದು ಬಾಬ್ ಕಾಫ್ಮನ್. ಬೀದಿಯಲ್ಲಿ, ಕಾಫಿ ಅಂಗಡಿಯಲ್ಲಿ ನಿಂತು ಕವಿತೆ ಹೇಳಿ ಮತ್ತೆ ಮತ್ತೆ ಪೊಲೀಸರ ಕೈಗೆ ಸಿಕ್ಕ ಕಪ್ಪು ಕವಿ. ಮಗನಿಗೆ ಪಾರ್ಕರ್ ಎಂದು ಹೆಸರಿಟ್ಟದ್ದು ಅದೇ ಚಾರ್ಲಿ ಪಾರ್ಕರನ ಮೇಲಿನ ಪ್ರೀತಿಯಿಂದ. ಹೇಳಿದ್ದನ್ನು ಬರೆದಿಡುವ ಗೋಜಿಗೆ ಕಾಫ್ಮನ್ ಹೋಗುತ್ತಿರಲಿಲ್ಲ. ಹೆಂಡತಿ ಐಲೀನ್ ಕೂತು ಬರೆದಿಟ್ಟದ್ದರಿಂದ ಎಷ್ಟೋ ಕವಿತೆಗಳು ಉಳಿದವು. ಕೇಳುವವರಿಲ್ಲದಿದ್ದರೆ ಆ ಕವಿಯೇ ಇಲ್ಲ, ನೋಡು.

ಇದೆಲ್ಲ ನಮಗೇನೂ ಹೊಸದಲ್ಲ. ಧಾರವಾಡದಲ್ಲಿ, ಅದೂ ಸುಭಾಸ್ ರಸ್ತೆಯಲ್ಲಿ, ಮನೋಹರ ಗ್ರಂಥಮಾಲೆಯ ಅಟ್ಟವಿತ್ತಲ್ಲ! 1933ರಲ್ಲಿ ಹುಟ್ಟಿದ ಪ್ರಕಾಶನ ಸಂಸ್ಥೆ. ಜಿ.ಬಿ. ಜೋಶಿಯವರ ಆ ಅಟ್ಟದ ಮೇಲೆ ಕೀರ್ತಿನಾಥ ಕುರ್ತಕೋಟಿ, ಗಿರೀಶ ಕಾರ್ನಾಡರಂಥವರು ಪುಸ್ತಕಗಳ ನಡುವೆಯೇ ಹರಟಿದರು, ಜಗಳಾಡಿದರು. ಕಾರ್ನಾಡರ ‘ಯಯಾತಿ’ ನಾಟಕ 1961ರಲ್ಲಿ ಹೊರಬಂದದ್ದು ಅಲ್ಲಿಂದಲೇ. ಬರೆದವರು ಬರೆಯದವರ ಜೊತೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರುವಂಥ ಜಾಗ ಬೇಕು. ನೀನು ಬಾಡಿಗೆಗೆ ಹಿಡಿಯುವ ಸಭಾಂಗಣದಲ್ಲಿ ವೇದಿಕೆ ಎತ್ತರ, ಕುರ್ಚಿಗಳು ದೂರ, ಬಾಗಿಲು ಹತ್ತಿರ.

ಒಂದು ಕೆಲಸ ಮಾಡು. ಪರಿಚಯದ ಪುಸ್ತಕದಂಗಡಿಯವರನ್ನು ಕಂಡು, ಸೋಮವಾರ ಸಂಜೆ ಎರಡು ತಾಸು ಜಾಗ ಕೊಡುತ್ತೀರಾ ಎಂದು ಕೇಳು. ಬಂದವರು ತಲಾ ಒಂದು ಪುಸ್ತಕ ಕೊಂಡರೂ ಅವರಿಗೆ ನಷ್ಟವಿಲ್ಲ. ಕುರ್ಚಿ ಸಾಲದಿದ್ದರೆ ಜಮಖಾನೆ ಹಾಸೋಣ. ಕರೆಯುವ ಕವಿಗಳಿಗೆ ಕೊನೆಯವರೆಗೂ ಕೂರಬೇಕೆಂದು ಮೊದಲೇ ಹೇಳಿಬಿಡು, ಒಪ್ಪದವರನ್ನು ಕರೆಯಬೇಡ. ನಿನ್ನ ಗೋಷ್ಠಿಯಲ್ಲಿ ಕೊನೆಗೆ ಓದಿದ ಆ ಹುಡುಗಿಯನ್ನು ಮತ್ತೆ ಕರೆಸು, ಈ ಸಲ ಅವಳದೇ ಮೊದಲ ಸರದಿಯಾಗಲಿ. ಮುಂದಿನ ತಿಂಗಳು ನಾನು ಊರಲ್ಲಿರುತ್ತೇನೆ, ಹೆಸರು ಬರೆಯುವ ಹಾಳೆ ನನ್ನ ಕೈಗೆ ಕೊಡು.

ಮನೆಯವರಿಗೆಲ್ಲ ನೆನಪು ಹೇಳು.

ನಿನ್ನ ಗೆಳೆಯ