ಕಣ್ಣಿಗೆ ಕಾಣದ ಪದರ

ರಕ್ತನಾಳವೆಂದರೆ ನಲ್ಲಿಯ ಕೊಳವೆಯಂತೆ, ಕೊಬ್ಬು ಕಟ್ಟಿಕೊಂಡರಷ್ಟೇ ತೊಂದರೆ ಎಂದು ನಾವೆಲ್ಲ ತಿಳಿದಿದ್ದೇವಲ್ಲವೆ? ಆದರೆ ಅದರ ಒಳಗೋಡೆಗೆ ಒಂದೇ ಸಾಲು ಜೀವಕೋಶಗಳ ತೆಳುಪದರವಿದೆ. ನಾಳ ಹಿಗ್ಗಲು ಅದರ ಅಪ್ಪಣೆ ಬೇಕು. 1980ರಲ್ಲಿ ಅಮೆರಿಕದ ರಾಬರ್ಟ್ ಫರ್ಚ್‌ಗಾಟ್ ಮೊಲದ ರಕ್ತನಾಳದಲ್ಲಿ ಇದನ್ನು ತೋರಿಸಿದರು. ಒಳಪದರ ಉಜ್ಜಿಹೋಗಿದ್ದ ತುಂಡುಗಳು ಅಸಿಟೈಲ್‌ಕೋಲಿನ್ ಹಾಕಿದರೂ ಸಡಿಲವಾಗಲಿಲ್ಲ.

ಇದನ್ನೆಲ್ಲ ನಾನು ಓದಿದ್ದು ನನ್ನಕ್ಕನಿಂದಾಗಿ. ಮೆಟ್ಟಿಲು ಹತ್ತಿದರೆ ಅವಳಿಗೆ ಎದೆನೋವು. ಆಂಜಿಯೋಗ್ರಾಂನಲ್ಲಿ ಅಡಚಣೆ ಕಾಣಲಿಲ್ಲ. "ಏನಿಲ್ಲಮ್ಮ, ಸುಮ್ಮನೆ ಮನಸ್ಸಿಗೆ ಹಚ್ಚಿಕೊಂಡಿದ್ದೀರಿ" ಎಂದುಬಿಟ್ಟರು ಡಾಕ್ಟರು. ಮನೆಯವರಿಗೂ ಅದೇ ಬೇಕಿತ್ತು. ಅಡಚಣೆಯಿಲ್ಲದ ಇಂಥ ನೋವು ಹೆಂಗಸರಲ್ಲೇ ಹೆಚ್ಚು. ಹೆಂಗಸರದಾದ್ದರಿಂದಲೇ ಅದಕ್ಕೆ 'ಮನಸ್ಸು' ಎಂಬ ಹೆಸರು ಅಷ್ಟು ಬೇಗ ಸಿಗುತ್ತದೋ ಏನೋ!

ಒಳಪದರವನ್ನು ಪರೀಕ್ಷಿಸುವ ಉಪಾಯಗಳಿವೆ. ಬಿ.ಪಿ. ಪಟ್ಟಿಯಿಂದ ಕೈಯ ರಕ್ತವನ್ನು 5 ನಿಮಿಷ ತಡೆದು ಬಿಟ್ಟು, ತೋಳಿನ ನಾಳ ಎಷ್ಟು ಹಿಗ್ಗಿತೆಂದು ಸ್ಕ್ಯಾನಿನಲ್ಲಿ ಅಳೆಯುತ್ತಾರೆ. ಇದು ಹೆಚ್ಚಾಗಿ ಸಂಶೋಧನೆಯಲ್ಲೇ ಉಳಿದಿದೆ. ಹೃದಯದ ನಾಳಗಳಿಗಾದರೆ ಆಂಜಿಯೋಗ್ರಾಂ ಹೊತ್ತಿನಲ್ಲೇ ಅದೇ ಅಸಿಟೈಲ್‌ಕೋಲಿನ್ ಕೊಟ್ಟು ನೋಡಬಹುದು. ಎಲ್ಲ ಊರುಗಳಲ್ಲೂ ಮಾಡುವುದಿಲ್ಲ.

ಎರಡನೆಯ ಡಾಕ್ಟರು ಅಕ್ಕನ ಮಾತನ್ನು ಪೂರ್ತಿ ಕೇಳಿಸಿಕೊಂಡು, ಸೂಕ್ಷ್ಮನಾಳಗಳ ತೊಂದರೆಯಿರಬಹುದೆಂದು ಮಾತ್ರೆ ಬರೆದರು. ಅಕ್ಕ ಆ ಚೀಟಿಯನ್ನು ಭಾವನವರ ಮುಂದಿಟ್ಟು, "ಒಮ್ಮೆ ಓದಿ" ಎಂದಳು.