ಕೀಲಿ ಗೊಂಚಲು

ನಮ್ಮ ಅವ್ವ ಧಾರವಾಡ ಬಿಟ್ಟು ಪುಣೆಗೆ ಬಂದು ಹತ್ತು ವರ್ಷವಾಯಿತು. ಸೊಂಟದ ಕೀಲಿ ಗೊಂಚಲನ್ನು ಮಾತ್ರ ಬಿಟ್ಟಿಲ್ಲ. ಊರಲ್ಲಿದ್ದಾಗ ಕೆಲಸದಾಕೆಗೆ ಹಿತ್ತಲ ಬಾಗಿಲ ಕೀಲಿಯೊಂದನ್ನೇ ಬಿಚ್ಚಿ ಕೊಡುತ್ತಿದ್ದಳು. ಸಂಜೆಗೆ ಅದು ಗೊಂಚಲಿಗೆ ಮರಳಬೇಕು. ‘ಎಷ್ಟು ಸಂಶಯ ಅವ್ವಾ ನಿಂದು!’ ಎಂದು ನಾನು ನಗುತ್ತಿದ್ದೆ. ಆ ನಗೆಯ ಬೆಲೆ ತಿಳಿದದ್ದು 2025ರ ಮಾರ್ಚಿನಲ್ಲಿ.

ನನ್ನ ಉದ್ಯೋಗ ಸಾಫ್ಟ್‌ವೇರ್ ಬರೆಯುವುದು. ಬರೆದದ್ದನ್ನು ಗಿಟ್‌ಹಬ್ ಎಂಬ ಉಗ್ರಾಣದಲ್ಲಿ ಇಡುತ್ತೇವೆ. ಅದನ್ನು ಜೋಡಿಸಿ ಪರೀಕ್ಷಿಸಲು ಅಲ್ಲಿಯೇ ಒಂದು ಯಂತ್ರದ ಆಳು ಉಂಟು. ಪ್ರತಿ ಕೆಲಸಕ್ಕೂ ಅದಕ್ಕೆ ಟೋಕನ್ ಎಂಬ ಹೊಸ ಕೀಲಿ ಸಿಗುತ್ತದೆ. ಕೆಲಸ ಮುಗಿದರೆ ಕೀಲಿಯ ಆಯುಷ್ಯವೂ ಮುಗಿಯಿತು. ಅದಕ್ಕೆ ಓದುವ ಅಪ್ಪಣೆಯಷ್ಟೇ ಸಾಕೆ, ತಿದ್ದುವುದೂ ಬೇಕೆ ಎಂಬುದನ್ನು 2021ರಿಂದ ನಾವೇ ಕಡತದಲ್ಲಿ ಬರೆದಿಡಬಹುದು. 2023ರ ಫೆಬ್ರವರಿಯಿಂದ ಹೊಸದಾಗಿ ಸೇರಿದ ಸಂಸ್ಥೆಗಳಿಗೆ ಓದುವ ಕೀಲಿಯೇ ವಾಡಿಕೆಯಾಯಿತು. ಹಳಬರದು ಇದ್ದಂತೆಯೇ ಉಳಿಯಿತು.

ಆ ಮಾರ್ಚಿನಲ್ಲಿ, 23,000ಕ್ಕೂ ಹೆಚ್ಚು ಉಗ್ರಾಣಗಳು ಬಳಸುತ್ತಿದ್ದ ‘ಟಿಜೆ-ಆಕ್ಷನ್ಸ್’ ತಂಡದ ಎರವಲು ಉಪಕರಣವೊಂದರೊಳಗೆ ಕಳ್ಳರು ಸೇರಿಕೊಂಡರು; ಗುಟ್ಟಿನ ಕೀಲಿಗಳು ಲಾಗ್ ಎಂಬ ದಿನಚರಿಯಲ್ಲಿ ಬಯಲಾಗತೊಡಗಿದವು. ನಮ್ಮ ಕಛೇರಿಯಲ್ಲೂ ಹುಡುಕಾಟ ನಡೆಯಿತು. ಒಂದು ಕಡತದಲ್ಲಿ ಅದೇ ಉಪಕರಣ. ಮೇಲ್ಗಡೆ ಎಲ್ಲವನ್ನೂ ತಿದ್ದುವ ಅಪ್ಪಣೆ. ಕಡತವನ್ನು ಕಡೆಗೆ ಮುಟ್ಟಿದವನು ಆ ತಿಂಗಳಷ್ಟೇ ಸೇರಿದ್ದ ಹುಡುಗ. ಹಿರಿಯರ ಕಣ್ಣು ಅವನ ಮೇಲೆ ಬಿತ್ತು.

ಆ ಸಾಲು ನನ್ನದು. ಹಿಂದೊಂದು ರಾತ್ರಿ, ಅಪ್ಪಣೆ ಸಾಲದೆಂದು ಯಂತ್ರ ನಿಂತಾಗ, ಯಾವ ಕೀಲಿ ಬೇಕೆಂದು ನೋಡುವ ತಾಳ್ಮೆಯಿಲ್ಲದೆ ಗೊಂಚಲನ್ನೇ ಅದರ ಕೈಗಿತ್ತು ಮನೆಗೆ ಹೋಗಿದ್ದೆ. ಬಾಯಿಬಿಡಲು ಅರೆಗಳಿಗೆ ಹಿಂಜರಿದೆನೆಂಬುದನ್ನು ಮುಚ್ಚಿಡಲಾರೆ. ಕೊನೆಗೆ ‘ಬರೆದವನು ನಾನು’ ಎಂದೆ.

ಪುಣ್ಯಕ್ಕೆ ಆ ಎರಡು ದಿನ ನಮ್ಮ ಯಂತ್ರ ಓಡಿರಲಿಲ್ಲ. ಆದರೂ ಗುಟ್ಟಿನ ಕೀಲಿಗಳನ್ನೆಲ್ಲ ಬದಲಿಸಿದೆವು. ಹುಡುಗನೂ ನಾನೂ ಕುಳಿತು, ಎಲ್ಲ ಕೆಲಸಕ್ಕೂ ಓದುವ ಅಪ್ಪಣೆ, ಬಿಡುಗಡೆಯ ಕೆಲಸವೊಂದಕ್ಕೆ ಮಾತ್ರ ತಿದ್ದುವ ಅಪ್ಪಣೆ ಎಂದು ಬರೆದೆವು. ಹೀಗೆ ಒಂದನ್ನು ಹೆಸರಿಸಿ ಬರೆದರೆ, ಹೆಸರಿಸದವು ತಾವಾಗಿಯೇ ಇಲ್ಲವಾಗುತ್ತವೆ. ಇನ್ನು ಕಳ್ಳ ನುಗ್ಗಿದರೂ ಆ ಟೋಕನ್ನಿನಿಂದ ಓದಿಯಾನು, ತಿದ್ದಲಾರ.

ರಾತ್ರಿ ಅವ್ವನಿಗೆ ಎಲ್ಲ ಹೇಳಿದೆ. ಆಕೆ ಗೊಂಚಲನ್ನು ದಿಂಬಿನ ಕೆಳಗಿಡುತ್ತ, ‘ಅದು ಸಂಶಯ ಅಲ್ಲಪಾ. ನಾಳೆ ಮನ್ಯಾಗ ಏನರ ಕಳದ್ರ, ಆಕಿ ಮ್ಯಾಲೆ ಮಾತು ಬರಬಾರದು’ ಎಂದಳು.

ನಾನು ಆ ಹುಡುಗನ ಮುಖವನ್ನು ನೆನೆದು ಸುಮ್ಮನಾದೆ.